ಕ್ಷಮೆ ಬೇರೆ, ಪ್ರಸಂಗಪೀಠ ಬೇರೆ

(ಸಲಹೆಗೆಂದು ಬಂದಿದ್ದ ಮಹಿಳೆಯೊಂದಿಗೆ ಸಂಬಂಧ ಬೆಳೆಸಿದ್ದ ಪಾಸ್ಟರ್ ಚರ್ಚಿನ ಸಭೆಯ ಮುಂದೆ ಅತ್ತು ಕ್ಷಮೆ ಕೇಳಿದ್ದಾರೆ. ಮುಂದಿನ ತಿಂಗಳೇ ಪ್ರಸಂಗಕ್ಕೆ, ಅಂದರೆ ಪೀಠದಿಂದ ಬೋಧಿಸಲು, ಕರೆಯೋಣ ಎಂದು ಅರ್ಧ ಸಭೆ ಹಟ ಹಿಡಿದಿದೆ. ಏನು ಮಾಡಲಿ ಎಂದು ಕೇಳಿದ್ದ ಸಭಾಹಿರಿಯರಿಗೆ ಓದುಗರ ಉತ್ತರ.)

ಸಹೋದರರೇ, ನಿಮ್ಮ ಪತ್ರದಲ್ಲಿ ಪಾಸ್ಟರ ಕಣ್ಣೀರಿಗೆ ನಾಲ್ಕು ಸಾಲು, ಆ ಮಹಿಳೆಗೆ ಅರ್ಧ ಸಾಲು. ಮೊದಲು ಅದನ್ನು ಸರಿಮಾಡಿಕೊಳ್ಳಿ. ಆಕೆಯ ಗುಟ್ಟು, ಸಂಕಟ ಎಲ್ಲ ಗೊತ್ತಿದ್ದವರು ಪಾಸ್ಟರ್. 'ಇಬ್ಬರೂ ಜಾರಿದರು' ಎಂದು ನಡವಳಿಯಲ್ಲಿ ಬರೆದರೆ ಅಧಿಕಾರದ ದುರುಪಯೋಗ ಮುಚ್ಚಿಹೋಗುತ್ತದೆ. ಆಕೆಯ ಮಾತು ಕೇಳಲು ಹಿರಿಯರ ಮಂಡಳಿಯ ಹೊರಗಿನ ಇಬ್ಬರನ್ನು ನೇಮಿಸಿ, ಒಬ್ಬರಾದರೂ ಮಹಿಳೆಯಾಗಿರಲಿ. ಪಾಸ್ಟರ್ ಆಕೆಗೆ ಫೋನ್ ಮಾಡಕೂಡದು, ಕ್ಷಮಾಪಣೆಯ ಪತ್ರವನ್ನೂ ಕಳಿಸಕೂಡದು. ಆಪ್ತಸಮಾಲೋಚನೆಯ ಖರ್ಚು ಸಭೆಯದು. ಅಪ್ರಾಪ್ತರ ವಿಷಯವಾಗಿದ್ದರೆ ಸಭೆ ಸೇರಿಸುವ ಮಾತೇ ಇಲ್ಲ, ಅಂದೇ ಪೊಲೀಸರಿಗೆ.
– ಆಪ್ತಸಮಾಲೋಚಕಿ

'ಇಬ್ಬರು ಮೂವರು ಸಾಕ್ಷಿಗಳು' ಇಲ್ಲದೆ ಸಭಾಹಿರಿಯನ ಮೇಲಿನ ದೂರನ್ನು ಒಪ್ಪಬೇಡ ಎಂಬ ಬೈಬಲಿನ ಒಂದನೇ ತಿಮೊಥೆ 5:19ರ ಮಾತನ್ನು ಬಾಯಿ ಮುಚ್ಚಿಸಲು ಬಳಸುವವರು, ತಪ್ಪು ಮಾಡುತ್ತಿರುವವರನ್ನು ಎಲ್ಲರ ಮುಂದೆ ಗದರಿಸು ಎನ್ನುವ 20ನೇ ವಚನದವರೆಗೆ ಹೋಗುವುದೇ ಇಲ್ಲ. ನಿರ್ಣಯ ಬರವಣಿಗೆಯಲ್ಲಿರಲಿ: ಪ್ರಸಂಗ, ಕರ್ತನ ಭೋಜನ, ಮನೆಭೇಟಿ, ಕಾಣಿಕೆ ಖಾತೆಯ ಸಹಿ, ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಸ್ಥಾನ ಎಲ್ಲವೂ ನಿಲ್ಲಬೇಕು. ಕೊನೆಯದು ಕ್ಷುಲ್ಲಕವೆನಿಸೀತು, ಪ್ರಸಂಗವಿಲ್ಲದವರು ಸಭೆಯನ್ನು ಒಡೆಯುವುದು ಅಲ್ಲಿಂದಲೇ. ಸಂಬಳ ಮಾತ್ರ ಕೆಲವು ತಿಂಗಳು ನಡೆಯಲಿ, ಹೆಂಡತಿ ಮಕ್ಕಳಿಗೇಕೆ ಶಿಕ್ಷೆ?

ಮೇಲ್ವಿಚಾರಣೆಗೆ ಮೂವರು ಸಾಕು. ಅವರು ಪಾಸ್ಟರ ಗೆಳೆಯರಾಗಲಿ, ಅವರೇ ಹಿರಿಯರನ್ನಾಗಿ ಮಾಡಿದವರಾಗಲಿ ಆಗಿರಬಾರದು. ಪಾಸ್ಟರ್ ತಾವಾಗಿ ಹೇಳಿದರೋ, ಸಿಕ್ಕಿಬಿದ್ದ ಮೇಲೆ ಹೇಳಿದರೋ? ಎಲ್ಲವನ್ನೂ ಒಮ್ಮೆಗೇ ಹೇಳಿದರೋ, ಕಂತುಕಂತಾಗಿ ಹೇಳುತ್ತಿದ್ದಾರೋ? ಕಣ್ಣೀರಿಗಿಂತ ಇದನ್ನು ನೋಡಿ. ಪ್ರಸಂಗದಿಂದ ದೂರವಿರುವ ಅವಧಿಯನ್ನು ಪಾಸ್ಟರೇ ತೀರ್ಮಾನಿಸುವಂತಿಲ್ಲ. 1988ರಲ್ಲಿ ಅಮೆರಿಕದ ಟಿವಿ ಪ್ರಸಂಗಿ ಜಿಮ್ಮಿ ಸ್ವಾಗರ್ಟ್ ಹೀಗೇ ಅತ್ತು ಒಪ್ಪಿಕೊಂಡರು. ಒಂದು ವರ್ಷ ಪ್ರಸಂಗ ಬಿಡಿ ಎಂದ ತಮ್ಮ ಪಂಗಡ ಅಸೆಂಬ್ಲೀಸ್ ಆಫ್ ಗಾಡ್‌ನ ಮಾತಿಗೆ ಒಪ್ಪದೆ ಮೂರೇ ತಿಂಗಳಿಗೆ ವೇದಿಕೆ ಹತ್ತಿದರು. 1991ರಲ್ಲಿ ಮತ್ತೆ ಅಂಥದೇ ಹಗರಣ.
– ನಿವೃತ್ತ ಸಭಾಪಾಲಕ

ಪೇತ್ರನನ್ನು ಕರ್ತನು ಮತ್ತೆ ಕರೆಯಲಿಲ್ಲವೇ ಎಂದು ಯಾರಾದರೂ ಎದ್ದು ಕೇಳಿಯೇ ಕೇಳುತ್ತಾರೆ. ಶಿಷ್ಯನಾದ ಪೇತ್ರ ಹೆದರಿ, ಯೇಸು ಯಾರೋ ಗೊತ್ತಿಲ್ಲವೆಂದು ಸುಳ್ಳು ಹೇಳಿದ. ಕಾಯಲು ಕೊಟ್ಟ ಕುರಿಯನ್ನೇ ತಿನ್ನಲಿಲ್ಲ. ಗಲಾತ್ಯ 6:1ರಲ್ಲಿ ತಿದ್ದಿ ಸರಿಮಾಡಿ ಎನ್ನುವಲ್ಲಿರುವ ಗ್ರೀಕ್ ಕ್ರಿಯಾಪದವೇ ಮತ್ತಾಯ 4:21ರಲ್ಲಿ ಬಲೆ ಸರಿಮಾಡುವುದಕ್ಕೂ ಬಂದಿದೆ. ಒಂದೊಂದೇ ಗಂಟು ಹಾಕುವ ನಿಧಾನದ ಕೆಲಸ ಅದು. ಸರಿಯಾಗಬೇಕಾದದ್ದು ಆ ಮನುಷ್ಯ. ಹುದ್ದೆಯ ಮಾತು ಅಲ್ಲಿಲ್ಲ. ಹುದ್ದೆಗೆ ಹೊರಗಿನವರಲ್ಲೂ ಒಳ್ಳೆಯ ಹೆಸರಿರಬೇಕೆಂದು ಒಂದನೇ ತಿಮೊಥೆ 3:7 ಬೇರೆಯೇ ಹೇಳುತ್ತದೆ. ಇನ್ನು, ನಾಳೆ ಬೇರೆ ಸಭೆಯವರು ಅವರ ಬಗ್ಗೆ ವಿಚಾರಿಸಿದರೆ 'ಮನೆಯ ಕಾರಣಕ್ಕೆ ಬಿಟ್ಟರು' ಎಂದುಬಿಡಬೇಡಿ. ನಡೆದದ್ದನ್ನು ಎರಡು ಸಾಲಿನಲ್ಲಿ ಬರೆದು, ಮಂಡಳಿಯ ಸಹಿ ಹಾಕಿ ಕಳಿಸಿ.
– ಒಬ್ಬ ಬೈಬಲ್ ಶಿಕ್ಷಕ