ಲೇಹ್‌ನಲ್ಲಿ ಹತ್ತು ದಿನ ಟ್ರೇಲ್ ಓಟ: ನಮ್ಮ ಪ್ಲಾನ್ ಸ್ವಲ್ಪ ನೋಡಿ ಹೇಳಿ

ಲಾಲ್‌ಬಾಗ್ ಓಟಗಾರ

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಗೆ ಹತ್ತು ದಿನ ರಜೆ ಸಿಕ್ಕಿದೆ. ಲಡಾಖ್‌ಗೆ ಹೋಗಿ ಬೆಟ್ಟದ ಕಾಲುದಾರಿಗಳಲ್ಲಿ ಓಡಬೇಕು ಅಂತ ನಾನು, ನನ್ನ ಹೆಂಡತಿ ಮೂರು ವರ್ಷದಿಂದ ಮಾತಾಡಿಕೊಳ್ಳುತ್ತಲೇ ಇದ್ದೇವೆ, ಈ ಸಲ ಹೋಗಿಯೇ ಬಿಡೋಣ ಅಂತ ತೀರ್ಮಾನ ಮಾಡಿದ್ದೇವೆ. ನನಗೆ 39 ವರ್ಷ. ವಾರಕ್ಕೆ 50ರಿಂದ 60 ಕಿ.ಮೀ. ಓಡುತ್ತೇನೆ. ಕಳೆದ ವರ್ಷ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ 50 ಕಿ.ಮೀ. ಮುಗಿಸಿದೆ, ಕುಮಾರಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ. ಹೆಂಡತಿ 10 ಕಿ.ಮೀ. ಆರಾಮಾಗಿ ಓಡುತ್ತಾಳೆ. ಆದರೆ ಇಬ್ಬರೂ 3,000 ಮೀಟರ್‌ಗಿಂತ ಮೇಲೆ ಒಮ್ಮೆಯೂ ಹೋಗಿಲ್ಲ.

ಪ್ಲಾನ್ ಹೀಗಿದೆ. ಮೊದಲ ದಿನ ಬೆಳಗ್ಗೆ ದೆಹಲಿಯಿಂದ ವಿಮಾನದಲ್ಲಿ ಲೇಹ್, ಸಂಜೆ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿ ಒಂದು ಸಣ್ಣ ಓಟ. ಎರಡನೇ ದಿನ ಸಿಂಧೂ ನದಿ ಪಕ್ಕ 12 ಕಿ.ಮೀ. ಮೂರನೇ ದಿನ ಟ್ಯಾಕ್ಸಿಯಲ್ಲಿ ಖರ್ದುಂಗ್ ಲಾ ಅನ್ನುವ ಎತ್ತರದ ಘಾಟಿಯ ಮೇಲಕ್ಕೆ ಹೋಗಿ ಅಲ್ಲಿಂದ ಲೇಹ್‌ವರೆಗೆ ಸುಮಾರು 40 ಕಿ.ಮೀ. ಇಳಿಜಾರಿನಲ್ಲಿ ಓಟ. ಆಮೇಲೆ ಎರಡು ರಾತ್ರಿ ಪ್ಯಾಂಗಾಂಗ್ ಸರೋವರದ ದಡದಲ್ಲಿ ಟೆಂಟ್. ಕೊನೆಗೆ ಮೂರು ದಿನ ಶಾಮ್ ಕಣಿವೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ಓಡಿಕೊಂಡು ಹೋಗುವುದು, ರಾತ್ರಿ ಹೋಂಸ್ಟೇ.

ನನ್ನ ಪ್ರಶ್ನೆಗಳು: ಇನ್ನು ಉಳಿದ ಎರಡು ತಿಂಗಳು ಪ್ರತಿ ಭಾನುವಾರ ನಂದಿಬೆಟ್ಟದಲ್ಲಿ ಓಡಿದರೆ ಸಾಕಾ? ಎತ್ತರದ ಕಾಯಿಲೆ ಬರದಿರಲಿ ಅಂತ ನುಂಗುವ ಡಯಾಮಾಕ್ಸ್ ಮಾತ್ರೆ ತಗೋಬೇಕಾ? ಆಕ್ಸಿಜನ್ ಕ್ಯಾನ್ ಇಟ್ಟುಕೊಂಡರೆ ಧೈರ್ಯವಾಗಿ ಓಡಬಹುದಾ? ಮಲೆನಾಡಿನಲ್ಲಿ ಹಾಕುವ ಶೂ ಅಲ್ಲಿಗೂ ಆಗುತ್ತಾ? ಹೋಗಿ ಬಂದವರು ಹೇಳಿ.

ತುಂಗಾತೀರ

ಸರ್, ಮೂರನೇ ದಿನದ ಖರ್ದುಂಗ್ ಲಾ ಓಟವನ್ನು ದಯವಿಟ್ಟು ಇವತ್ತೇ ತೆಗೆದುಹಾಕಿ. ಉಳಿದದ್ದು ಆಮೇಲೆ ಮಾತಾಡೋಣ.

ಹೆಚ್ಚು ಕಡಿಮೆ ಇದೇ ಪ್ಲಾನ್ ಇಟ್ಟುಕೊಂಡು ನಾನು 2019ರಲ್ಲಿ ಹೋಗಿದ್ದೆ. ಇಳಿದ ದಿನ ಏನೂ ಅನ್ನಿಸಲಿಲ್ಲ. ಆಕಾಶ ಅಷ್ಟು ನೀಲಿ, ಗಾಳಿ ಅಷ್ಟು ತಂಪು, ಶಿವಮೊಗ್ಗದ ಸೆಖೆಯಿಂದ ಹೋದವಳಿಗೆ ಕಾಲು ತಾನಾಗಿ ಓಡಬೇಕು ಅನ್ನುತ್ತಿತ್ತು. ಎರಡನೇ ದಿನ ಬೆಳಗ್ಗೆ 8 ಕಿ.ಮೀ. ಓಡಿದೆ. ಸಂಜೆ ತಲೆನೋವು ಶುರುವಾಯಿತು, ಬಿಸಿಲಿಗೆ ಇರಬೇಕು ಅಂದುಕೊಂಡು ಒಂದು ಮಾತ್ರೆ ನುಂಗಿ ಮಲಗಿದೆ. ಬೆಳಗ್ಗೆ ಊಟ ತಿಂಡಿ ಯಾವುದೂ ಸೇರಲಿಲ್ಲ, ಆದರೂ ಟ್ಯಾಕ್ಸಿಗೆ ದುಡ್ಡು ಕಟ್ಟಿದ್ದೇನಲ್ಲ ಅಂತ ಹತ್ತಿಕೊಂಡೆ. ಘಾಟಿಯ ಮೇಲೆ ಟ್ಯಾಕ್ಸಿ ಇಳಿದು ಎರಡು ಕಿಲೋಮೀಟರ್ ಕೂಡ ಓಡಿರಲಿಲ್ಲ, ವಾಂತಿ. ಆಮೇಲೆ ನೆಟ್ಟಗೆ ನಡೆಯೋಕೆ ಆಗಲಿಲ್ಲ, ಕುಡಿದವರ ಹಾಗೆ ಒಂದು ಕಡೆಗೆ ವಾಲುತ್ತಿದ್ದೆ. ಹಿಂದೆಯೇ ಬರುತ್ತಿದ್ದ ನಮ್ಮ ಡ್ರೈವರ್ ಅದನ್ನು ನೋಡಿದ ತಕ್ಷಣ ನನ್ನನ್ನು ಕೂರಿಸಿಕೊಂಡು ಸೀದಾ ಆಸ್ಪತ್ರೆಗೆ ಬಂದರು. ಎರಡು ದಿನ ಆಕ್ಸಿಜನ್ ಮೇಲೆ ಇದ್ದೆ. ಆ ಮನುಷ್ಯನ ಉಪಕಾರವನ್ನು ನಾನು ಮರೆಯುವಂತಿಲ್ಲ.

ನಾನೂ ಆಗ ವಾರಕ್ಕೆ 60 ಕಿ.ಮೀ. ಓಡುತ್ತಿದ್ದವಳೇ. ಅಭ್ಯಾಸ ಇಲ್ಲದವರಿಗೆ ಮೆಟ್ಟಿಲು ಹತ್ತುವಾಗಲೇ ಏದುಸಿರು ಬಂದು ಸುಮ್ನೆ ಕೂತುಬಿಡುತ್ತಾರೆ. ನಮ್ಮಂಥವರಿಗೆ ಕಾಲಿನಲ್ಲಿ ಶಕ್ತಿ ಇರುತ್ತದೆ, ಹಾಗಾಗಿ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ.

ಧಾರವಾಡದ ಡಾಕ್ಟರ್

ತುಂಗಾತೀರ ಮೇಡಂ ಹೇಳಿದ ವಾಲುವಿಕೆ ಇದೆಯಲ್ಲ, ಅದು ಮಿದುಳಿನಲ್ಲಿ ಊತ ಶುರುವಾಗಿರುವ ಲಕ್ಷಣ. ಎತ್ತರದಲ್ಲಿ ಬರುವ ಇನ್ನೊಂದು ಅಪಾಯ, ಶ್ವಾಸಕೋಶದಲ್ಲಿ ನೀರು ತುಂಬುವುದು: ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಎದೆ ಬಿಗಿತ, ಕಫದಲ್ಲಿ ನೊರೆ. ಎರಡರಲ್ಲಿ ಯಾವುದು ಕಂಡರೂ ರಾತ್ರಿಯೋ ಹಗಲೋ ನೋಡದೆ ಕೆಳಗೆ ಇಳಿಯಬೇಕು, ಡಾಕ್ಟರ್ ಬಳಿ ಹೋಗಬೇಕು. ಬೆಳಗಾಗಲಿ ಅಂತ ಕಾಯಬಾರದು.

ಈಗ ಲೆಕ್ಕ ನೋಡಿ. ಬೆಂಗಳೂರು ಸುಮಾರು 900 ಮೀಟರ್, ಲೇಹ್ ಸುಮಾರು 3,500. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ 21 ಪರ್ಸೆಂಟೇ, ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು, 5,359 ಮೀಟರ್ ಎತ್ತರದ ಖರ್ದುಂಗ್ ಲಾದಲ್ಲಿ ಹೆಚ್ಚು ಕಡಿಮೆ ಅರ್ಧ. ದೇಹ ಮೊದಲ ಗಂಟೆಗಳಿಂದಲೇ ಉಸಿರಾಟ ಜಾಸ್ತಿ ಮಾಡಿಕೊಂಡು ಹೊಂದಿಕೊಳ್ಳೋಕೆ ಶುರುಮಾಡುತ್ತದೆ, ಆದರೆ ಅದು ಒಂದು ಹದಕ್ಕೆ ಬರೋಕೆ ದಿನಗಳು ಬೇಕು, ಕೆಂಪು ರಕ್ತಕಣ ಹೆಚ್ಚಾಗೋಕೆ ವಾರಗಳು ಬೇಕು. ಈ ಕೆಲಸವನ್ನು ಯಾವ ತರಬೇತಿಯೂ ಬೆಂಗಳೂರಿನಲ್ಲಿ ಕೂತು ಮಾಡಿಕೊಡುವುದಿಲ್ಲ. ನಂದಿಬೆಟ್ಟ 1,478 ಮೀಟರ್. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ ಕೂಡ 1,930 ಅಷ್ಟೇ. ಅಲ್ಲಿ ಓಡಿ, ತೊಡೆ ಗಟ್ಟಿಯಾಗುತ್ತದೆ, ಇಳಿಜಾರಿನ ಅಭ್ಯಾಸವಾಗುತ್ತದೆ. ಎತ್ತರಕ್ಕೆ ಹೊಂದಿಕೊಳ್ಳುವುದು ಅಲ್ಲಿ ಆಗುವುದಿಲ್ಲ.

ಮುಖ್ಯವಾಗಿ ನೋಡಬೇಕಾದದ್ದು ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದನ್ನು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಇರಬೇಕು. ಪ್ಯಾಂಗಾಂಗ್ 4,250ರ ಆಸುಪಾಸಿನಲ್ಲಿದೆ. ನಾಲ್ಕನೇ ರಾತ್ರಿಗೇ ಅಲ್ಲಿ ಟೆಂಟ್ ನನಗೆ ಇಷ್ಟವಾಗಲಿಲ್ಲ, ಅಲ್ಲಿಂದ ಆಸ್ಪತ್ರೆಯೂ ದೂರ.

ಡಯಾಮಾಕ್ಸ್ ವಿಷಯ. ವಿಮಾನದಲ್ಲಿ ಒಮ್ಮೆಗೇ 3,500ಕ್ಕೆ ಇಳಿಯುವವರಿಗೆ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಹೊರಡುವ ಹಿಂದಿನ ದಿನದಿಂದ ಕೊಡುತ್ತೇವೆ. ಆದರೆ ನಿಮ್ಮ ಡಾಕ್ಟರ್ ನೋಡಿಯೇ ಬರೆದುಕೊಡಬೇಕು, ಅದರಲ್ಲೂ ಸಲ್ಫಾ ಅನ್ನುವ ಬಗೆಯ ಔಷಧಗಳಿಗೆ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ ಆಗುತ್ತದೆ, ಹೆದರಬೇಡಿ. ಅದು ಹೊಂದಿಕೊಳ್ಳೋಕೆ ಸಹಾಯ ಮಾಡುವ ಮಾತ್ರೆ, ಓಡೋಕೆ ಪರ್ಮಿಷನ್ ಕೊಡುವ ಮಾತ್ರೆ ಅಲ್ಲ. ಆಕ್ಸಿಜನ್ ಕ್ಯಾನ್ ಕೆಲವು ನಿಮಿಷದ ಸಮಾಧಾನ, ಅದನ್ನು ನಂಬಿ ಮೇಲೆ ಹೋಗಬೇಡಿ. ಮೊದಲ ದಿನಗಳಲ್ಲಿ ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ.

ಕೊಡಗಿನ ಹವಾಲ್ದಾರ್

ನಾನು ಸೇನೆಯಲ್ಲಿದ್ದಾಗ ಲೇಹ್ ಕಡೆ ಮೂರು ವರ್ಷ ಇದ್ದೆ. ನಮ್ಮಲ್ಲಿ ಇದಕ್ಕೆ ಕಟ್ಟುನಿಟ್ಟಿನ ಲೆಕ್ಕವಿದೆ. 3,600 ಮೀಟರ್‌ವರೆಗಿನ ಜಾಗಕ್ಕೆ ಆರು ದಿನ. ಮೊದಲೆರಡು ದಿನ ವಿಶ್ರಾಂತಿ, ಬ್ಯಾರಕ್ ಸುತ್ತ ಒಂಚೂರು ಓಡಾಟ ಅಷ್ಟೇ. ಮೂರು, ನಾಲ್ಕನೇ ದಿನ ನಿಧಾನಕ್ಕೆ ಒಂದೂವರೆಯಿಂದ ಮೂರು ಕಿ.ಮೀ. ನಡಿಗೆ, ಏರು ಇಲ್ಲ. ಐದು, ಆರನೇ ದಿನ 5 ಕಿ.ಮೀ., 300 ಮೀಟರ್‌ವರೆಗೆ ಏರು. 4,500ರವರೆಗೆ ಹೋಗಬೇಕಾದರೆ ಇನ್ನೂ ನಾಲ್ಕು ದಿನ, ಅದಕ್ಕೂ ಮೇಲಾದರೆ ಮತ್ತೆ ನಾಲ್ಕು. ಇಪ್ಪತ್ತೆರಡು ವರ್ಷದ ಗಟ್ಟಿಮುಟ್ಟು ಹುಡುಗರಿಗೂ ಇದೇ ನಿಯಮ. ರಜೆ ಮುಗಿಸಿ ಮಡಿಕೇರಿಯಿಂದ ವಾಪಸು ಹೋದಾಗಲೆಲ್ಲ ನಾನೂ ಮೊದಲಿಂದ ಶುರುಮಾಡಬೇಕಿತ್ತು.

ಈಗ ನಿಮ್ಮ ಹತ್ತು ದಿನಕ್ಕೆ ನನ್ನ ಸಲಹೆ. ವಿಮಾನ ಇಳಿದು ಲೇಹ್‌ನಲ್ಲಿ ಉಳಿಯಬೇಡಿ. ಅದೇ ಬೆಳಗ್ಗೆ ಟ್ಯಾಕ್ಸಿ ಮಾಡಿ ಸಿಂಧೂ ನದಿ ಜೊತೆಗೇ ಪಶ್ಚಿಮಕ್ಕೆ ಎರಡು ಗಂಟೆ ಹೋದರೆ ಆಲ್ಚಿ, ಎತ್ತರ 3,100 ಮೀಟರ್ ಚಿಲ್ಲರೆ. ಆ ನಾನ್ನೂರು ಮೀಟರ್ ವ್ಯತ್ಯಾಸ ಮೊದಲ ರಾತ್ರಿಯ ನಿದ್ದೆಯಲ್ಲೇ ಗೊತ್ತಾಗುತ್ತದೆ. ದಾರಿಯಲ್ಲಿ ನಿಮ್ಮೂ ಅನ್ನುವ ಹಳ್ಳಿಯ ಹತ್ತಿರ ಜಾಂಸ್ಕಾರ್ ನದಿ ಬಂದು ಸಿಂಧುವಿಗೆ ಸೇರುತ್ತದೆ, ಎರಡು ಬಣ್ಣದ ನೀರು ಸ್ವಲ್ಪ ದೂರ ಪಕ್ಕಪಕ್ಕ ಹರಿಯುವುದು ಕಾಣುತ್ತದೆ. ಆಲ್ಚಿಯ ಹಳೆಯ ಬೌದ್ಧ ಗುಡಿಗಳ ಗೋಡೆಚಿತ್ರ ನೋಡೋಕೆ ಅರ್ಧ ದಿನ ಬೇಕು, ಏಪ್ರಿಕಾಟ್ ತೋಟಗಳಲ್ಲಿ ಸುಮ್ನೆ ಅಡ್ಡಾಡಿ. ಮೂರು ರಾತ್ರಿ ಅಲ್ಲೇ ಇರಿ.

ಆಮೇಲೆ ಹತ್ತಿರದ ಲಿಕಿರ್‌ಗೆ ಹೋಗಿ ಮಲಗಿ. ಶಾಮ್ ದಾರಿ ಅಲ್ಲಿಂದಲೇ: ಲಿಕಿರ್, ಯಾಂಗ್‌ಥಾಂಗ್, ಹೆಮಿಸ್ ಶುಕ್ಪಾಚನ್, ಟೆಮಿಸ್‌ಗಾಮ್. ಸಣ್ಣ ಸಣ್ಣ ಘಾಟಿಗಳು ಬರುತ್ತವೆ, ಯಾವುದೂ 4,000 ಮೀಟರ್ ದಾಟುವುದಿಲ್ಲ. ಚಾರಣದವರಿಗೆ ಒಂದೊಂದು ಹಂತ ಮೂರರಿಂದ ಐದು ಗಂಟೆ. ನಿಮಗೆ ಕಡಿಮೆ ಸಾಕು, ಆದರೂ ಒಂದೇ ದಿನದಲ್ಲಿ ಎರಡು ಹಂತ ಮುಗಿಸೋ ಆಸೆ ಬೇಡ. ಏರಿನಲ್ಲಿ ನಡೆಯಿರಿ, ಸಮತಟ್ಟಿನಲ್ಲಿ ಮಾತಾಡಿಕೊಂಡು ಓಡಿ. ಕೊನೆಯ ಟೆಮಿಸ್‌ಗಾಮ್ ಲೇಹ್‌ಗಿಂತ ತಗ್ಗಿನಲ್ಲಿದೆ, ಅಲ್ಲಿ ಚೆನ್ನಾಗಿ ನಿದ್ದೆ ಬರುತ್ತದೆ. ಖರ್ದುಂಗ್ ಲಾದಿಂದ ಇಳಿಯುವುದು ಲಾರಿ, ಟ್ಯಾಕ್ಸಿ, ಡೀಸೆಲ್ ಹೊಗೆಯ ಡಾಂಬರು ರಸ್ತೆ. ಕಾಲುದಾರಿ ಬೇಕು ಅಂತ ಅಷ್ಟು ದೂರ ಹೋಗುವವರು ಅಲ್ಲಿ ಯಾಕೆ ಓಡಬೇಕು?

ಇನ್ನು ಕೆಲವು ವಿಷಯ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುತ್ತದೆ ಅಂತ ನಂಬಬೇಡಿ, ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಹಿಮ ಕರಗಿ ಬರುವ ತೊರೆಗಳನ್ನು ಬೆಳಗ್ಗೆಯೇ ದಾಟಿ, ಮಧ್ಯಾಹ್ನದ ಮೇಲೆ ನೀರು ಏರುತ್ತದೆ. ಮಧ್ಯಾಹ್ನ ಗಾಳಿಯೂ ಜೋರು, ಮಣ್ಣು ಕಣ್ಣಿಗೆ ಹೊಡೆಯುತ್ತದೆ. ಲೇಹ್ ಪೇಟೆಯಲ್ಲಿ ನಸುಕಿನಲ್ಲಿ ಒಬ್ಬರೇ ಓಡಬೇಡಿ, ಬೀದಿನಾಯಿಗಳ ಹಿಂಡು ಇರುತ್ತದೆ, ಬಿಸಿಲು ಬಂದ ಮೇಲೆ ಹೊರಡಿ. ಮಲೆನಾಡಿನ ಶೂ ಕೆಸರಿಗೆ ಅಂತ ಮಾಡಿದ್ದು. ಅಲ್ಲಿ ಕೆಸರೂ ಇಲ್ಲ, ಉಂಬಳವೂ ಇಲ್ಲ, ಎಲ್ಲ ಒಣ ಜಲ್ಲಿ, ಚೂಪು ಕಲ್ಲು, ಮರಳು. ಬೆರಳಿನ ಹತ್ತಿರ ಗಟ್ಟಿ ಇರುವ, ಅಡಿ ದಪ್ಪ ಇರುವ ಶೂ ಹಾಕಿ. ದಾರಿಯಲ್ಲಿ ನೆರಳೇ ಸಿಗದ ಜಾಗ ಜಾಸ್ತಿ, ಟೋಪಿ, ಕನ್ನಡಕ, ತುಟಿಗೆ ಮುಲಾಮು ಮರೆಯಬೇಡಿ. ಹೋಂಸ್ಟೇಯಲ್ಲಿ ತ್ಸಾಂಪಾ ಕೇಳಿ, ಬಾರ್ಲಿ ಹುರಿದು ಮಾಡಿದ ಹಿಟ್ಟು, ನಮ್ಮ ರಾಗಿ ಹುರಿಹಿಟ್ಟಿನ ಹಾಗೇ. ಓಟದ ಮಧ್ಯೆ ತಿನ್ನೋಕೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಜಯನಗರದ ಹುಡುಗ

ಎಲ್ಲರೂ ಜಾಸ್ತಿ ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ. ನಾನು ಎರಡನೇ ದಿನವೇ 10 ಕಿ.ಮೀ. ಓಡಿದ್ದೆ, ಏನೂ ಆಗಲಿಲ್ಲ. ನೀರು ಚೆನ್ನಾಗಿ ಕುಡಿದರೆ ಆಯಿತು, ದಿನಕ್ಕೆ ಆರೇಳು ಲೀಟರ್.

ಧಾರವಾಡದ ಡಾಕ್ಟರ್

ನಿಮಗೆ ಏನೂ ಆಗಲಿಲ್ಲ ಅನ್ನುವುದು ನಿಜಕ್ಕೂ ಸಂತೋಷ. ಆದರೆ ಒಂದೇ ಮನೆಯ ಇಬ್ಬರಲ್ಲಿ ಒಬ್ಬರಿಗೆ ಆಗುತ್ತದೆ, ಇನ್ನೊಬ್ಬರಿಗೆ ಆಗುವುದಿಲ್ಲ, ಯಾರಿಗೆ ಅಂತ ಮೊದಲೇ ಹೇಳೋಕೆ ಯಾವ ಪರೀಕ್ಷೆಯೂ ಇಲ್ಲ. ಇವರು ಇಬ್ಬರೂ ಮೊದಲ ಸಲ ಹೋಗುತ್ತಿದ್ದಾರೆ, ಅಲ್ವಾ? ನೀರಿನ ವಿಷಯದಲ್ಲೂ ಎಚ್ಚರ ಬೇಕು. ಒಣ ಹವೆ, ಬಾಯಾರಿಕೆ ಜಾಸ್ತಿ, ಕುಡಿಯಬೇಕು ನಿಜ. ಆದರೆ ಬರೀ ನೀರನ್ನೇ ಒತ್ತಾಯದಿಂದ ಆರೇಳು ಲೀಟರ್ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅದರಿಂದಲೂ ತಲೆನೋವು, ವಾಂತಿ ಬರುತ್ತದೆ, ಆಗ ಯಾವುದು ಯಾವುದರಿಂದ ಅಂತ ಗೊತ್ತೇ ಆಗುವುದಿಲ್ಲ. ಬಾಯಾರಿದಷ್ಟು ಕುಡಿಯಿರಿ, ಓಡುವಾಗ ಓಆರ್‌ಎಸ್ ಸೇರಿಸಿ.

ವೇಗದ ಬಗ್ಗೆಯೂ ಹೇಳಿಬಿಡುತ್ತೇನೆ. 1,500 ಮೀಟರ್ ದಾಟಿದ ಮೇಲೆ ಪ್ರತಿ 100 ಮೀಟರ್‌ಗೆ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಸುಮಾರು ಒಂದು ಪರ್ಸೆಂಟ್ ಇಳಿಯುತ್ತದೆ. ಲೇಹ್ ಎತ್ತರದಲ್ಲಿ ಅದು 20 ಪರ್ಸೆಂಟ್ ಆಯಿತು. ವಾಚ್‌ನಲ್ಲಿ ಕಿಲೋಮೀಟರಿಗೆ ಎಷ್ಟು ನಿಮಿಷ ಅಂತ ತೋರಿಸುವುದನ್ನು ಆಫ್ ಮಾಡಿಬಿಡಿ.

ಲಾಲ್‌ಬಾಗ್ ಓಟಗಾರ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಮನಸಾರೆ ಧನ್ಯವಾದ. ರಾತ್ರಿ ನಾನು, ನನ್ನ ಹೆಂಡತಿ ಕೂತು ಎಲ್ಲ ಓದಿದೆವು. ಪ್ಲಾನ್ ಬದಲಾಯಿಸಿದ್ದೇವೆ. ಮೊದಲ ಮೂರು ರಾತ್ರಿ ಆಲ್ಚಿ, ಓಟ ಇಲ್ಲ. ನಾಲ್ಕನೇ ರಾತ್ರಿ ಲಿಕಿರ್. ಐದು, ಆರು, ಏಳನೇ ದಿನ ಶಾಮ್ ದಾರಿ, ಹವಾಲ್ದಾರ್ ಸರ್ ಹೇಳಿದ ಹಾಗೆ ದಿನಕ್ಕೆ ಒಂದೇ ಹಂತ. ಎಂಟು, ಒಂಬತ್ತನೇ ದಿನ ಲೇಹ್. ಖರ್ದುಂಗ್ ಲಾಕ್ಕೆ ಒಂಬತ್ತನೇ ದಿನ ಟ್ಯಾಕ್ಸಿಯಲ್ಲಿ ಹೋಗಿ ಕಾಲು ಗಂಟೆ ನಿಂತು ಬರುತ್ತೇವೆ. ಪ್ಯಾಂಗಾಂಗ್ ಈ ಸಲ ಇಲ್ಲ.

ಒಂದು ಪ್ರಶ್ನೆ ಉಳಿದಿದೆ. ನನ್ನ ಹೆಂಡತಿಗೆ ಆಗಾಗ ಮೈಗ್ರೇನ್ ಬರುತ್ತದೆ. ಅಲ್ಲಿ ತಲೆನೋವು ಬಂದರೆ ಮೈಗ್ರೇನೋ ಎತ್ತರದ್ದೋ ಅಂತ ಹೇಗೆ ತಿಳಿಯುವುದು?

ಧಾರವಾಡದ ಡಾಕ್ಟರ್

ಅಲ್ಲಿ ಇರುವಷ್ಟು ದಿನ ಯಾವ ತಲೆನೋವು ಬಂದರೂ ಎತ್ತರದ್ದೇ ಅಂತ ಇಟ್ಟುಕೊಳ್ಳಿ. ಅವತ್ತು ಮೇಲೆ ಹೋಗಬೇಡಿ, ಇದ್ದಲ್ಲೇ ಇರಿ. ಕಡಿಮೆಯಾದರೆ ಮುಂದೆ, ಜಾಸ್ತಿಯಾದರೆ ಕೆಳಗೆ. ಹೊರಡುವ ಮೊದಲು ಅವರ ಮೈಗ್ರೇನ್ ಮಾತ್ರೆಗಳ ಚೀಟಿ ತಗೊಂಡು ನಿಮ್ಮ ಡಾಕ್ಟರ್ ಹತ್ತಿರ ಒಮ್ಮೆ ತೋರಿಸಿ, ಡಯಾಮಾಕ್ಸ್ ಜೊತೆ ಹೊಂದುತ್ತದೆಯೇ ನೋಡಲಿ.

ತುಂಗಾತೀರ

ಸರ್, ಇನ್ನೊಂದು ಮಾತು ನಿಮ್ಮ ಮನೆಯವರಿಗೆ. ಅಕ್ಕಾ, ತಲೆ ನೋಯುತ್ತಿದ್ದರೆ ಆ ಕ್ಷಣವೇ ಹೇಳಿಬಿಡಿ. ಇವರ ಟ್ರಿಪ್ ಹಾಳಾಗುತ್ತದೆ ಅಂತ ಒಂದು ಗಂಟೆಯೂ ಮುಚ್ಚಿಡಬೇಡಿ. ನಾನು ಜೊತೆಯಲ್ಲಿ ಬಂದ ಗೆಳತಿಗೆ ರಾತ್ರಿಯೆಲ್ಲ ಹೇಳದೆ ಮಲಗಿದ್ದೆ. ಹೋಗಿ ಬಂದ ಮೇಲೆ ಶಾಮ್ ದಾರಿ ಹೇಗಿತ್ತು ಅಂತ ಇಲ್ಲಿ ಬರೆಯಿರಿ. ಮುಂದಿನ ವರ್ಷ ಆಲ್ಚಿಯಿಂದಲೇ ಶುರುಮಾಡಿ ನಾನೂ ಮತ್ತೊಮ್ಮೆ ಹೋಗಬೇಕು ಅಂತಿದ್ದೇನೆ.