ಊರಿನ ರಾಗಿ, ಅವರೆಕಾಯಿ ನಮ್ಮ ಮನೆಯಲ್ಲಿ ಯಾರಿಗೂ ಬೇಡ. ಏನು ಮಾಡುವುದು?

ಕುಣಿಗಲ್ ಸೊಸೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನ ನಾಗರಬಾವಿಯಲ್ಲಿ. ಅತ್ತೆ, ಮಾವ ಕುಣಿಗಲ್ ಹತ್ತಿರ ಊರಿನಲ್ಲಿದ್ದಾರೆ. ಮಳೆ ನಂಬಿದ ಹೊಲ, ಜೊತೆಗೆ ಒಂದಷ್ಟು ತೆಂಗಿನ ಮರ. ಸಂಕ್ರಾಂತಿ ಹತ್ತಿರ ಬಂತೆಂದರೆ ಮಾವ ಬಸ್ಸು ಹತ್ತಿ ಬರುತ್ತಾರೆ. ಒಂದು ಮೂಟೆ ರಾಗಿ, ಚೀಲದ ತುಂಬ ಅವರೆಕಾಯಿ, ಡಬ್ಬಿಯಲ್ಲಿ ಹುಚ್ಚೆಳ್ಳು, ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿದ ತೊಗರಿ. ದಾರಿಯುದ್ದಕ್ಕೂ ಕಂಡಕ್ಟರ್ ಜೊತೆ ಲಗೇಜ್ ಟಿಕೆಟ್ ಜಗಳ. ಅದು ಬೇರೆ ಕಥೆ.

ತೊಂದರೆ ಶುರುವಾಗುವುದು ಆಮೇಲೆ. ಮಗಳಿಗೆ 11 ವರ್ಷ, ಮಗನಿಗೆ 7. ಮುದ್ದೆ ಕಂಡರೆ ಮಗ "ಮಣ್ಣು" ಅನ್ನುತ್ತಾನೆ. ಮಗಳು ಅವರೆಕಾಯಿಯಲ್ಲಿ ಹುಳ ನೋಡಿದಳು, ಅಲ್ಲಿಂದಾಚೆಗೆ ಆ ಬುಟ್ಟಿಯ ಹತ್ತಿರ ಸುಳಿಯುವುದಿಲ್ಲ. ನಮ್ಮ ಮನೆಯವರು ಮುದ್ದೆ ತಿಂದೇ ಬೆಳೆದವರು. ಈಗ ರಾತ್ರಿ ಆಫೀಸಿನಿಂದ ಬಂದು "ಎರಡು ಚಪಾತಿ ಇದ್ರೆ ಸಾಕು" ಅನ್ನುತ್ತಾರೆ. ಮೂಟೆ ಬಾಲ್ಕನಿಯಲ್ಲಿ ಕೂತಿರುತ್ತದೆ. ನಾನೊಬ್ಬಳು ಬೆಳಿಗ್ಗೆ ಅಂಬಲಿ ಕುಡಿದರೆ ಎಷ್ಟು ಖರ್ಚಾದೀತು?

ಈ ಸಲ ಮಾವ ಬಂದಾಗ ಹೋದ ವರ್ಷದ ಮೂಟೆ ಇನ್ನೂ ಅರ್ಧ ಇತ್ತು. ನೋಡಿದರು, ಏನೂ ಅನ್ನಲಿಲ್ಲ. ಊಟಕ್ಕೆ ಕೂತಾಗ, "ಮುಂದಿನ ವರ್ಷದಿಂದ ರಾಗಿ ಬಿಡ್ತೀನಿ ಕಣಮ್ಮ. ಬೋರ್ ಹಾಕ್ಸಿ ಅಡಿಕೆ ಇಡ್ತೀನಿ. ತಿನ್ನೋರೇ ಇಲ್ದಿದ್ಮೇಲೆ ಯಾಕ್ ಬೆಳೀಬೇಕು" ಅಂದರು. ಅತ್ತೆಗೆ ಇದು ಸುತರಾಂ ಇಷ್ಟವಿಲ್ಲ. ಫೋನ್ ಮಾಡಿದಾಗಲೆಲ್ಲ ಅದೇ ಮಾತು.

ಮಕ್ಕಳಿಗೆ ಇದರ ರುಚಿ ಹತ್ತಿಸುವುದು ಹೇಗೆ? ರಾಗಿ ಕೇಕ್, ಚಾಕೊಲೇಟ್ ಹಾಕಿದ ರಾಗಿ ಬಿಸ್ಕೆಟ್ ಮಾತ್ರ ಹೇಳಬೇಡಿ. ಮಾಡಿ ನೋಡಿದ್ದೇನೆ. ಅವರು ಚಾಕೊಲೇಟ್ ತಿಂದರು, ಅಷ್ಟೇ. ಇನ್ನು ಮಾವನಿಗೆ ಏನು ಹೇಳಲಿ? ಹೊಲ ಅವರದ್ದು, ದುಡಿಮೆ ಅವರದ್ದು. ಬೆಂಗಳೂರಿನಲ್ಲಿ ಕೂತು "ರಾಗಿ ಬಿಡಬೇಡಿ" ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ಇಲ್ಲಿ ಮಿಲ್ಲಿಗೆ ಹಾಕಿಸಿದ ಹಿಟ್ಟು ಬಾಯಲ್ಲಿ ಮರಳು ಮರಳು ಅನ್ನಿಸುತ್ತದೆ, ಸ್ವಲ್ಪ ದಿನಕ್ಕೆ ಕಹಿ ಬೇರೆ. ಯಾಕೆ?

ಅರಸೀಕೆರೆ ರೊಟ್ಟಿ

ಸಣ್ಣ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ದೊಡ್ಡದನ್ನು ದೊಡ್ಡವರು ನೋಡಿಕೊಳ್ಳಲಿ.

ಕಣದಲ್ಲಿ ಒಕ್ಕಿದ ರಾಗಿಯಲ್ಲಿ ಮಣ್ಣು, ಸಣ್ಣ ಕಲ್ಲು ಇದ್ದೇ ಇರುತ್ತದೆ. ರಸ್ತೆ ಮೇಲೆ ಹಾಸಿ ಲಾರಿ, ಬಸ್ಸು ಹರಿಯಲು ಬಿಟ್ಟ ರಾಗಿಯಾದರೆ ಇನ್ನೂ ಜಾಸ್ತಿ. ಜರಡಿ ಹಿಡಿದರೆ ಸಾಲದು. ನೀರಿನಲ್ಲಿ ತೊಳೆದು ಗಾಲಿಸಬೇಕು. ಕಲ್ಲು ತಳದಲ್ಲಿ ಉಳಿಯುತ್ತದೆ, ರಾಗಿಯನ್ನು ಮೇಲಿಂದ ಮೇಲೆ ತೆಗೆದುಕೊಳ್ಳಿ. ಬಟ್ಟೆಯ ಮೇಲೆ ಹರವಿ ಚೆನ್ನಾಗಿ ಒಣಗಿಸಿ ಮಿಲ್ಲಿಗೆ ಕೊಡಿ. ಗೋಧಿ ಬೀಸಿದ ಬೆನ್ನಿಗೇ ಹಾಕಬೇಡಿ ಅಂತ ಹೇಳಿ. ರಾಗಿಗೇ ಬೇರೆ ಮಿಷನ್ ಇಟ್ಟಿರುವ ಕಡೆ ಹೋದರೆ ಇನ್ನೂ ಒಳ್ಳೆಯದು.

ಕಹಿ ಬರುವುದು ಹಿಟ್ಟು ಹಳೆಯದಾದಾಗ. ಒಂದು ತಿಂಗಳಿಗೆ ಆಗುವಷ್ಟು ಮಾತ್ರ ಬೀಸಿಸಿ. ಕಾಳು ಹಾಗೇ ಇದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಿಂದಿನವರು ನೆಲದೊಳಗಿನ ಹಗೇವಿನಲ್ಲಿ ರಾಗಿ ತುಂಬಿ, ಬಾಯಿ ಮುಚ್ಚಿ, ಬರ ಬಂದ ವರ್ಷ ತೆಗೆಯುತ್ತಿದ್ದರು. ಹಾಗಾಗಿ ನಿಮ್ಮ ಅರ್ಧ ಮೂಟೆ ಹಾಳಾಗಿಲ್ಲ, ಗಾಬರಿ ಬೇಡ.

ಮಗನಿಗೆ ಹುರಿಹಿಟ್ಟು ಕೊಟ್ಟು ನೋಡಿ. ರಾಗಿಗೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಮುಚ್ಚಿಟ್ಟು, ಕಾದ ಬಾಣಲೆಗೆ ಹಿಡಿ ಹಿಡಿಯಾಗಿ ಹಾಕಿ ಹುರಿಯಿರಿ. ಚಟಪಟ ಅಂತ ಬಿಳಿ ಅರಳಾಗುತ್ತದೆ. ಬೀಸಿಸಿ, ಬೆಲ್ಲ, ಕೊಬ್ಬರಿ, ಏಲಕ್ಕಿ ಸೇರಿಸಿ, ತುಪ್ಪ ಬಿಟ್ಟು ಬಿಸಿ ಹಾಲಿನಲ್ಲಿ ಕಲಸಿ. ಇದನ್ನು ಬೇಡ ಅಂದ ಮಗುವನ್ನು ನಾನು ಇನ್ನೂ ನೋಡಿಲ್ಲ.

ಮಾಗಡಿ ಹೊಲದವಳು

ಕುಣಿಗಲ್ ತಂಗೀ, ನಮ್ಮದು ಮಾಗಡಿ ಕಡೆ. ನಿಮ್ಮೂರು ಅಷ್ಟೇನೂ ದೂರವಲ್ಲ. ನಾವು ಈಗಲೂ ರಾಗಿ ಇಡುತ್ತೇವೆ. ನಾನು ಫೋನಿನಲ್ಲಿ ಟೈಪ್ ಮಾಡುವುದು ಬಲು ನಿಧಾನ, ತಡವಾಯಿತು.

ಮಕ್ಕಳ ವಿಷಯ ಆಮೇಲೆ. ನಿಮ್ಮ ಮನೆಯಲ್ಲಿ ಮೊದಲು ಮುದ್ದೆ ಬಿಟ್ಟವರು ಯಾರು? ನಿಮ್ಮ ಯಜಮಾನರು. ಅಪ್ಪ ಚಪಾತಿ ತಿನ್ನುತ್ತಾ ಮಕ್ಕಳ ತಟ್ಟೆಗೆ ಮುದ್ದೆ ಹಾಕಿದರೆ ಅದು ಔಷಧಿ ಇದ್ದ ಹಾಗೆ. ಯಾವ ಮಗು ತಿಂದೀತು? ಕ್ಯಾಲ್ಸಿಯಂ ಇದೆ ಅಂತ ಭಾಷಣ ಬೇರೆ ಕೊಡುತ್ತೀರಿ. ಇದೆ ಮಾರಾಯ್ತಿ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಏಳು ವರ್ಷದ ಹುಡುಗನಿಗೆ ಅದನ್ನು ಕಟ್ಟಿಕೊಂಡು ಏನಾಗಬೇಕು?

ವಾರಕ್ಕೊಂದು ರಾತ್ರಿ ಎಲ್ಲರಿಗೂ ಮುದ್ದೆಯೇ. ಬೇರೆ ಅಡುಗೆ ಮಾಡಲೇಬೇಡಿ. ಮುದ್ದೆಯನ್ನು ನಿಮ್ಮ ಯಜಮಾನರೇ ತಿರುವಲಿ, ಅಮ್ಮನ ಕೈಯಲ್ಲಿ ನೋಡಿದ್ದಾರಲ್ಲ. ಎಸರಿಗೆ ಒಂದು ಹಿಡಿ ಅಕ್ಕಿ ನುಚ್ಚು ಹಾಕಿ ಬೇಯಿಸಿದರೆ ಮುದ್ದೆ ಮೆತ್ತಗಾಗುತ್ತದೆ, ಮಕ್ಕಳಿಗೆ ಸುಲಭ. ಹಿಟ್ಟು ಸುರಿದು ಕೂಡಲೇ ತಿರುವಬೇಡಿ. ನಡುವೆ ಕೋಲಿನಿಂದ ತೂತು ಮಾಡಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಲು ಬಿಡಿ. ತಿರುವಿದ ಮೇಲೆ ಒದ್ದೆ ಬೆರಳಿನಲ್ಲಿ ಮುಟ್ಟಿ. ಅಂಟದಿದ್ದರೆ ಬೆಂದಿದೆ. ನಿಮ್ಮ ಮಗ ಮಣ್ಣು ಅನ್ನುವುದು ಬೇಯದ ಮುದ್ದೆಗೆ ಇರಬಹುದು. ಮಕ್ಕಳಿಗೆ ಪುಟ್ಟ ಪುಟ್ಟ ಉಂಡೆ ಕಟ್ಟಿ. ಅಗಿಯಬೇಡ, ಸಾರಲ್ಲಿ ಅದ್ದಿ ನುಂಗು ಅಂತ ತೋರಿಸಿಕೊಡಿ. ಅಗಿದರೆ ಹಲ್ಲಿಗೆ ಮೆತ್ತಿಕೊಂಡು ಅಳು ಶುರು.

ಈಗ ಅವರೆಕಾಯಿ. ಹುಳ ಇದ್ದರೆ ಇರಲಿ. ಬಿಡಿಸಿದ ಕಾಳನ್ನು ಉಪ್ಪು ನೀರಿಗೆ ಹಾಕಿದರೆ ಹುಳ ಮೇಲೆ ಬರುತ್ತದೆ. ಹುಳ ಇದೆ, ಹಾಗಾದರೆ ಔಷಧಿ ಹೊಡೆದಿಲ್ಲ ಅಂತ ಕೆಲವರು ಹೇಳುತ್ತಾರೆ. ಅದನ್ನೂ ಪೂರ್ತಿ ನಂಬಬೇಡಿ, ಔಷಧಿ ಹೊಡೆದ ಹೊಲದಲ್ಲೂ ಹುಳ ಇರುತ್ತದೆ. ಮಗಳಿಗೆ ಕಾಯಿ ಬಿಡಿಸುವ ಕೆಲಸ ಕೊಡಬೇಡಿ. ರಾತ್ರಿ ಕಾಳು ನೆನೆಹಾಕಿ ಬೆಳಿಗ್ಗೆ ಹಿತುಕಲು ಕೊಡಿ. ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮುತ್ತದೆ. ನನ್ನ ಮೊಮ್ಮಕ್ಕಳು ಒಬ್ಬರ ಮುಖಕ್ಕೊಬ್ಬರು ಗುರಿ ಇಡುತ್ತಾರೆ. ಅರ್ಧ ಬೇಳೆ ಸೋಫಾ ಕೆಳಗೆ ಹೋಗುತ್ತದೆ, ಹೋಗಲಿ. ಉಳಿದದ್ದರಲ್ಲಿ ಹಿತುಕಿದ ಬೇಳೆ ಸಾರು ಆಗುತ್ತದೆ. ತಾವೇ ಹಿತುಕಿದ್ದನ್ನು ಬೇಡ ಅನ್ನುವುದು ಕಷ್ಟ.

ಆದರೆ ನಾನು ಹೇಳಬೇಕಿದ್ದದ್ದು ಬೇರೆ. ನಿಮ್ಮ ಮಕ್ಕಳು ಆ ಹೊಲವನ್ನು ಯಾವ ತಿಂಗಳಲ್ಲಿ ನೋಡಿದ್ದಾರೆ? ಬೇಸಿಗೆ ರಜೆಯಲ್ಲಿ ತಾನೇ? ಆಗ ಅಲ್ಲಿ ಏನಿರುತ್ತದೆ, ಬರೀ ಕೂಳೆ, ಧೂಳು. ಶ್ರಾವಣ, ಭಾದ್ರಪದದಲ್ಲಿ ಕರೆದುಕೊಂಡು ಹೋಗಿ. ನಿಮ್ಮ ಮಾವ ಚೀಲದಲ್ಲಿ ತಂದರಲ್ಲ, ರಾಗಿ, ಅವರೆ, ತೊಗರಿ, ಹುಚ್ಚೆಳ್ಳು, ಅವು ನಾಲ್ಕು ಹೊಲದವಲ್ಲ. ಒಂದೇ ಹೊಲದವು. ಅಕ್ಕಡಿ ಬೇಸಾಯ ಅದು. ಒಂದಷ್ಟು ಸಾಲು ರಾಗಿ, ಆಮೇಲೆ ಒಂದು ಅಕ್ಕಡಿ ಸಾಲು. ಆ ಸಾಲಿನಲ್ಲಿ ಅವರೆ, ತೊಗರಿ, ನಡುನಡುವೆ ಜೋಳ, ಹುಚ್ಚೆಳ್ಳು, ಸಾಸಿವೆ. ಹೊಲದ ಅಂಚಿಗೆ ಹರಳು. ಹುಚ್ಚೆಳ್ಳು, ಸಾಸಿವೆ ಹೂವಿಗೆ ಜೇನು ಬರುತ್ತದೆ. ಎತ್ತರದ ಜೋಳದ ಮೇಲೆ ಹಕ್ಕಿ ಕೂತು ಅವರೆಯ ಹುಳ ಹೆಕ್ಕುತ್ತದೆ. ಅವರೆ, ತೊಗರಿ ಬೇರು ನೆಲಕ್ಕೆ ಸಾರಜನಕ ಕೊಡುತ್ತದೆ. ರಾಗಿ ಕೊಯ್ದ ಮೇಲೆ ಜಾಗ ಸಿಕ್ಕಿ ಅವರೆ ಹರಡಿಕೊಳ್ಳುತ್ತದೆ, ಇಬ್ಬನಿ ಕುಡಿದುಕೊಂಡೇ ಕಾಯಿ ಬಿಡುತ್ತದೆ. ಆ ಇಬ್ಬನಿ, ಚಳಿಗೇ ಅದರ ಸೊಗಡು. ಕಾಯಿ ಬಿಡಿಸಿದರೆ ಬೆರಳಿಗೆ ಎಣ್ಣೆ ಮೆತ್ತಿ ಸಂಜೆವರೆಗೂ ಘಂ ಅನ್ನಬೇಕು. ಮಳೆ ಕೈಕೊಟ್ಟ ವರ್ಷ ರಾಗಿ ಹೋದರೂ ತೊಗರಿಯೋ ಹರಳೋ ಒಂದು ಕೈಗೆ ಬರುತ್ತಿತ್ತು.

ಅದೇ ಹೊಲದಲ್ಲಿ ಕಳೆ ಕೀಳುವಾಗ ಸಿಗುವುದೇ ಬೆರಕೆ ಸೊಪ್ಪು. ಅಣ್ಣೆ ಸೊಪ್ಪು, ದೊಗ್ಗಲಿ, ಗಣಿಕೆ, ಹೊನಗೊನೆ. ಯಾರೂ ಬಿತ್ತಿದ್ದಲ್ಲ. ನಮ್ಮ ಅತ್ತೆ ಮಡಿಲು ತುಂಬ ಕಿತ್ತು ತಂದು ಬಸ್ಸಾರು ಮಾಡುತ್ತಿದ್ದರು. ಈಗ ಕಳೆಗೆ ಔಷಧಿ ಹೊಡೆಯುವ ಹೊಲದಲ್ಲಿ ಆ ಸೊಪ್ಪೇ ಇಲ್ಲ. ನಿಮ್ಮ ಅತ್ತೆ ರಾಗಿ ಬಿಡುವುದು ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು, ಕೇಳಿ ನೋಡಿ. ಅಡಿಕೆ ತೋಟದಲ್ಲಿ ಅವರಿಗೆ ಕೀಳಲು ಏನು ಸಿಗುತ್ತದೆ?

ಬಿಳಿಜೋಳದವ

ಅಕ್ಕಾರ ಮಾತು ಚೆಂದ ಐತಿ. ಆದರೂ ಒಂದು ತಕರಾರು.

ನಾನು ವಿಜಯಪುರದವನು. ನಮ್ಮ ಮನೆಯಲ್ಲಿ ಜೋಳದ ರೊಟ್ಟಿಗೆ ಇದೇ ಗತಿ ಆಗಿದೆ, ಹಾಗಾಗಿ ಸಂಕಟ ಗೊತ್ತು. ಆದರೆ ಹೊಲ ಅಂದರೆ ಮ್ಯೂಸಿಯಂ ಅಲ್ಲ. 2023ರಲ್ಲಿ ಸಿರಿಧಾನ್ಯ ವರ್ಷ ಅಂತ ಊರೆಲ್ಲ ಕುಣಿಯಿತು. ಹೋಟೆಲಿನಲ್ಲಿ ರಾಗಿ ದೋಸೆಯ ರೇಟು ಏರಿತು, ಬೆಳೆದವನಿಗೆ ಬಂದದ್ದೆಷ್ಟು? 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಆ ಬೆಲೆ ಸಿಗಬೇಕಾದರೆ ಸರ್ಕಾರ ರೈತರಿಗೆ ಕೊಡುವ ಫ್ರೂಟ್ಸ್ ಐಡಿ ಅನ್ನುವ ಗುರುತಿನ ಸಂಖ್ಯೆ, ನೋಂದಣಿ, ಖರೀದಿ ಕೇಂದ್ರದ ಸಾಲು. ವಯಸ್ಸಾದವರು ಇದನ್ನೆಲ್ಲ ಮಾಡಿಯಾರೇ? ಅಡಿಕೆ ಇಟ್ಟ ಪಕ್ಕದ ಹೊಲದವನು ಹೊಸ ಬೈಕು ತಂದಿದ್ದು ನಿಮ್ಮ ಮಾವ ದಿನಾ ನೋಡುತ್ತಿರುತ್ತಾರೆ.

ಅಡಿಕೆಯನ್ನು ನಾನೂ ಹೊಗಳುವುದಿಲ್ಲ. ಫಸಲು ಬರಲು ಐದಾರು ವರ್ಷ ಬೇಕು, ಬೇಸಿಗೆಯಲ್ಲಿ ನೀರು ತಪ್ಪಿಸುವ ಹಾಗಿಲ್ಲ. ತುಮಕೂರು ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದರೂ ಒಣಗಿದ ಬೋರುಗಳಿವೆ. ಸಾಲ ಮಾಡಿ ಕೊರೆಸುವುದಾದರೆ ಎರಡು ಸಲ ಯೋಚಿಸಲಿ. ಆದರೆ ಬಿಡಬೇಡಿ ಅನ್ನುವವರು ದುಡ್ಡಿನ ಮಾತೂ ಆಡಬೇಕು. ನಿಮ್ಮ ಮಾವನಿಂದ ರಾಗಿಯನ್ನು ದುಡ್ಡು ಕೊಟ್ಟು ತೆಗೆದುಕೊಳ್ಳಿ. ಬಿಟ್ಟಿ ಬಂದಿದ್ದಕ್ಕೇ ಅದು ಬಾಲ್ಕನಿಯಲ್ಲಿ ಕೂತಿರುವುದು.

ಮಾಗಡಿ ಹೊಲದವಳು

ಅಣ್ಣಾ, ನೀವು ಹೇಳಿದ್ದು ಲೆಕ್ಕಕ್ಕೆ ಸರಿ. ಆದರೆ ನಮ್ಮ ಕಡೆ ಸೊಸೆ ಮಾವನ ಕೈಗೆ ರಾಗಿಗೆ ಅಂತ ದುಡ್ಡು ಕೊಟ್ಟರೆ ಅವರು ಆ ಮನೆಯಲ್ಲಿ ಮತ್ತೆ ನೀರೂ ಕುಡಿಯುವುದಿಲ್ಲ. ದಾರಿ ಇದೆ. ಉಳುಮೆಯ ಟ್ರ್ಯಾಕ್ಟರ್ ಬಾಡಿಗೆ ಮಗ ಕೊಡಲಿ. ಕಳೆಯ ಕೂಲಿ ಕೊಡಲಿ. ಅದು ಬೆಲೆ ಅಲ್ಲ, ಬೇಸಾಯಕ್ಕೆ ಹೆಗಲು ಕೊಟ್ಟ ಹಾಗೆ. ಅಕ್ಕಪಕ್ಕದ ಮನೆಯವರಿಗೆ ಮಾರಿದರೆ ಆ ದುಡ್ಡನ್ನು ಮಾವ ಖಂಡಿತ ತೆಗೆದುಕೊಳ್ಳುತ್ತಾರೆ.

ಕುಣಿಗಲ್ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಮನೆಯವರಿಗೆ ಓದಿಸಿದೆ. "ಯಾರೀಕೆ ಮಾಗಡಿಯವಳು, ನಮ್ಮಮ್ಮನ ಥರಾನೇ ಬೈತಾಳೆ" ಅಂದರು. ಬೈದದ್ದು ನಾಟಿದೆ ಅಂತ ಕಾಣುತ್ತದೆ. ಶನಿವಾರ ರಾತ್ರಿ ಅವರೇ ಮುದ್ದೆ ತಿರುವಿದರು. ಗಂಟಾಯಿತು. ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಪಾತ್ರೆ ತೋರಿಸಿದರು. ಅತ್ತೆ ಆ ಕಡೆಯಿಂದ "ಉರಿ ಸಣ್ಣಕ್ ಮಾಡೋ, ಕೋಲು ಆ ಥರ ಹಿಡೀತಾರೇನೋ" ಅಂತ ಕೂಗಾಡಿದ್ದನ್ನು ನೋಡಿ ಮಕ್ಕಳಿಗೆ ನಕ್ಕು ನಕ್ಕು ಸಾಕಾಯಿತು. ಮಗ ಒಂದು ಉಂಡೆ ನುಂಗಿದ. ಇಷ್ಟವಾಯಿತಾ ಅಂದರೆ "ಪರವಾಗಿಲ್ಲ" ಅಂದ. ನನಗೆ ಅಷ್ಟು ಸಾಕು. ಹುರಿಹಿಟ್ಟು ಮಾತ್ರ ಡಬ್ಬಿಯಲ್ಲಿ ನಿಲ್ಲುತ್ತಿಲ್ಲ. ಮಗಳು ಬೇಳೆ ಹಿತುಕುತ್ತಾಳೆ, ಸಾರು ಇನ್ನೂ ಮುಟ್ಟಿಲ್ಲ.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಸೊಗಡಿನ ಅವರೆಕಾಯಿ ಬೇಕಾ ಅಂತ ಹಾಕಿದೆ. ಮಾವ ಇನ್ನೊಂದು ಸಲ ಬಸ್ಸು ಹತ್ತಬೇಕಾಗಿ ಬಂತು. ದುಡ್ಡು ಎಣಿಸಿ ಜೇಬಿಗಿಟ್ಟುಕೊಂಡರು, ಹೌದು, ಬೇಡ ಅನ್ನಲಿಲ್ಲ. ಆದರೆ ಬೋರ್‌ವೆಲ್ ಯೋಚನೆ ಬಿಟ್ಟಿಲ್ಲ. ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸಿ ಜಾಗ ಗುರುತು ಮಾಡಿಸಿದ್ದಾರಂತೆ. ಅಡಿಕೆ ಇಟ್ಟರೂ ಮೇಲಿನ ಹೊಲದಲ್ಲಿ ರಾಗಿ ಇರಲಿ ಅಂತ ಅತ್ತೆ ಹಟ ಹಿಡಿದಿದ್ದಾರೆ. ಸೊಪ್ಪಿನ ಮಾತು ಕೇಳಿದೆ ಅಕ್ಕ. ನೀವು ಹೇಳಿದ್ದು ನಿಜ. "ಮಳೆಗಾಲ್ದಲ್ಲಿ ನಾನು ಸೊಪ್ಪಿಗೆ ಸಂತೆಗೆ ಹೋಗ್ಬೇಕಾ?" ಅಂದರು.

ಟ್ರ್ಯಾಕ್ಟರ್ ಬಾಡಿಗೆ ನಮ್ಮದು ಅಂತ ಮನೆಯವರು ಹೇಳಿದ್ದಾರೆ. ಬಿತ್ತನೆ ಬೀಜವನ್ನೂ ನಾವೇ ತಂದುಕೊಡೋಣ ಅಂತಿದ್ದೇವೆ. ಯಾವ ತಳಿ ಒಳ್ಳೆಯದು?

ಮಾಗಡಿ ಹೊಲದವಳು

ರಾಗಿಯಾದರೆ ಜಿಪಿಯು-28, ಬೆಂಕಿ ರೋಗ ತಡೆಯುತ್ತದೆ. ಮುಂಗಾರು ಶುರುವಾದಾಗ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಸಬ್ಸಿಡಿ ದರಕ್ಕೆ ಕೊಡುತ್ತಾರೆ. ಮಾವನ ಪಹಣಿ, ಆಧಾರ್ ಜೊತೆಗಿರಲಿ. ನಮ್ಮ ಮಾವನವರ ಕಾಲದಲ್ಲಿ ಇಂಡಾಫ್ ರಾಗಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ತಳಿಗೆ ಆಫ್ರಿಕಾದ ತಳಿ ಸೇರಿಸಿ ಮಾಡಿದ್ದು. ಅವರ ಹೆಸರು ಹೇಳಿಯೇ ನಮ್ಮ ಮಾವ ಬಿತ್ತುವ ಕೂರಿಗೆಗೆ ಕೈ ಹಾಕುತ್ತಿದ್ದರು.

ಅವರೆ ಬೀಜ ಮಾತ್ರ ಅಂಗಡಿಯಿಂದ ತರಬೇಡಿ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ತಳಿಗಳಾದ ಎಚ್‌ಎ-3, ಎಚ್‌ಎ-4 ವರ್ಷದಲ್ಲಿ ಯಾವಾಗ ಹಾಕಿದರೂ ಕಾಯಿ ಬಿಡುತ್ತದೆ, ಮಾರುಕಟ್ಟೆಗೆ ಒಳ್ಳೆಯದು, ಸೊಗಡು ಕಡಿಮೆ. ನಿಮ್ಮ ಅತ್ತೆ ಬೂದಿ ಬೆರೆಸಿ ಮಡಕೆಯಲ್ಲಿ ನಾಟಿ ಬೀಜ ಇಟ್ಟಿರುತ್ತಾರೆ. ಅಕ್ಕಡಿಗೆ ಅದೇ ಆಗಬೇಕು. ಒಂದು ಹಿಡಿ ಹೆಚ್ಚಿದ್ದರೆ ನನಗೂ ಬೇಕು, ನಮ್ಮದಕ್ಕೆ ಈ ಸಲ ಹುಳ ಬಿದ್ದಿದೆ.