ಭಾರ ಎತ್ತಿದರೆ ಗಾಲ್ಫ್ ಸ್ವಿಂಗ್ ಬಿಗಿಯಾಗುತ್ತದೆಯೇ?

ಬೆಳಗಿನಾಟ: ನನಗೆ 54 ವರ್ಷ. ಡ್ರೈವರ್ (ಅತಿ ದೂರ ಹೊಡೆಯುವ ಗಾಲ್ಫ್ ಕೋಲು) ಹೊಡೆತದ ದೂರ ಎರಡು ವರ್ಷಗಳಿಂದ ಕುಗ್ಗುತ್ತಲೇ ಇದೆ. ಹನ್ನೆರಡನೇ ಗುಳಿ ಮುಗಿಯುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ತರಬೇತುದಾರರು ಭಾರ ಎತ್ತಿ ಎನ್ನುತ್ತಾರೆ. ಜೊತೆಗೆ ಆಡುವ ಹಿರಿಯರು, ಸ್ನಾಯು ಉಬ್ಬಿದರೆ ಮೈ ತಿರುಗುವುದಿಲ್ಲ, ಸ್ಟ್ರೆಚಿಂಗ್ ಒಂದೇ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಹಳೆಯ ಕ್ಲಬ್: ಹಿರಿಯರ ಮಾತು ಕೇಳಿ. ಗಾಲ್ಫ್ ಲಯದ ಆಟ. ಅಮೆರಿಕದ ಗಾಲ್ಫ್ ಆಟಗಾರ ಬ್ರೈಸನ್ ಡಿಷಾಂಬೋ ಮೈ ಬೆಳೆಸಿಕೊಂಡು 2020ರ ಯು.ಎಸ್. ಓಪನ್ ಗೆದ್ದರು, ನಿಜ. ಆದರೆ ಆಮೇಲೆ ಅವರೇ ತೂಕ ಇಳಿಸಿಕೊಂಡರಲ್ಲ?

ವ್ಯಾಯಾಮ ಶಿಕ್ಷಕಿ: ಅವರು ಇಳಿಸಿದ್ದು ತೂಕವನ್ನು, ವ್ಯಾಯಾಮವನ್ನು ಬಿಡಲಿಲ್ಲ. ಮೈ ಬೆಳೆಸುವುದು ಬೇರೆ, ಬಲ ಗಳಿಸುವುದು ಬೇರೆ. ವಾರಕ್ಕೆರಡು ದಿನ ಭಾರ ಎತ್ತುವ 54ರ ವ್ಯಕ್ತಿಗೆ ತೋಳು ತಿರುಗದಷ್ಟು ಸ್ನಾಯು ಬೆಳೆಯುವುದೇ ಇಲ್ಲ. ಗಾಲ್ಫ್ ಆಟಗಾರರು ಭಾರ ಎತ್ತಬಾರದೆಂದು ಎಲ್ಲರೂ ನಂಬಿದ್ದ ಕಾಲದಲ್ಲೇ ದಕ್ಷಿಣ ಆಫ್ರಿಕಾದ ಆಟಗಾರ ಗ್ಯಾರಿ ಪ್ಲೇಯರ್ ಎತ್ತುತ್ತಿದ್ದರು. 1965ರ ಹೊತ್ತಿಗೆ ನಾಲ್ಕೂ ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಪಂದ್ಯಾವಳಿ) ಪ್ರಶಸ್ತಿಗಳು ಅವರ ಕೈಸೇರಿದ್ದವು. ಒಟ್ಟು ಗೆದ್ದ ಮೇಜರ್‌ಗಳು 9.

ಬೆಳಗಿನಾಟ ಅವರೇ, ನಿಮ್ಮ ಸೊಂಟದ ವಿಷಯ ಹೇಳುತ್ತೇನೆ. ಕೆಳಬೆನ್ನಿನ ಐದು ಬೆನ್ನುಮೂಳೆಗಳು ತಿರುಗುವುದು ಬಹಳ ಕಡಿಮೆ. ಸ್ವಿಂಗ್‌ನ ತಿರುವು ಸೊಂಟದ ಕೀಲುಗಳಿಂದಲೂ (ತೊಡೆ ಸೇರುವ ಜಾಗ) ಎದೆಯ ಹಿಂಭಾಗದ ಬೆನ್ನಿನಿಂದಲೂ ಬರಬೇಕು. ಅವೆರಡೂ ಜಡವಾದರೆ ಆ ಕೆಲಸವೆಲ್ಲ ಕೆಳಬೆನ್ನಿನ ಮೇಲೆ ಬೀಳುತ್ತದೆ. ಹೀಗಿರುವಾಗ ಬಗ್ಗಿ ಕಾಲ್ಬೆರಳು ಮುಟ್ಟುವ ಸ್ಟ್ರೆಚಿಂಗ್‌ನಿಂದ ಏನು ಬಂತು? ಸೊಂಟದ ಕೀಲು ಎಷ್ಟು ತಿರುಗುತ್ತದೆಂದು ತಿಳಿಯಲು ಕುರ್ಚಿಯ ಮೇಲೆ ಕುಳಿತು, ತೊಡೆ ಅಲುಗದಂತೆ ಪಾದವನ್ನು ಹೊರಕ್ಕೆ ಸರಿಸಿ ನೋಡಿ. ಎರಡೂ ಕಾಲು ಒಂದೇ ಸಮ ಹೋಗುತ್ತವೆಯೇ?

ಹಳೆಯ ಕ್ಲಬ್: ಅದು ಒಪ್ಪುವ ಮಾತು. ಆದರೂ ನನ್ನ ಗೆಳೆಯರೊಬ್ಬರು ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವ ವ್ಯಾಯಾಮ) ಮಾಡಲು ಹೋಗಿ ಆರು ವಾರ ಹಾಸಿಗೆ ಹಿಡಿದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ಮರೆಯುವುದು ಹೇಗೆ?

ವ್ಯಾಯಾಮ ಶಿಕ್ಷಕಿ: ಮರೆಯಬೇಡಿ. ಭಾರವಿಲ್ಲದೆ, ಬೆನ್ನು ಬಗ್ಗಿಸದೆ ಸೊಂಟದ ಕೀಲಿನಿಂದ ಬಾಗುವುದನ್ನು ಕಲಿಯದವರ ಕೈಗೆ ಬಾರ್ (ಭಾರ ಎತ್ತುವ ಕಬ್ಬಿಣದ ಸರಳು) ಕೊಡುವುದು ತಪ್ಪು. ಮೊದಲು ಬಾಗುವ ರೀತಿ, ಆಮೇಲೆ ಹಗುರವಾದ ಕೆಟಲ್‌ಬೆಲ್ (ಹಿಡಿಯಿರುವ ಕಬ್ಬಿಣದ ಗುಂಡು), ತಿಂಗಳುಗಳ ನಂತರ ಬಾರ್. ಪೂರ್ತಿ ಕೆಳಗಿಳಿದು ಸ್ಕ್ವಾಟ್ (ಬಸ್ಕಿ) ಮಾಡಿದರೆ ಬಲದ ಜೊತೆಗೆ ಕೀಲಿನ ಚಲನೆಯೂ ಹೆಚ್ಚುತ್ತದೆ.

ಎಡಗೈ ಆಟಗಾರ: ವೇಗವನ್ನೂ ಅಭ್ಯಾಸ ಮಾಡಬೇಕು. ಡೌನ್‌ಸ್ವಿಂಗ್ (ಮೇಲೆತ್ತಿದ ಕೋಲನ್ನು ಚೆಂಡಿನತ್ತ ಬೀಸುವುದು) ಮುಗಿಯಲು ಸುಮಾರು ಕಾಲು ಸೆಕೆಂಡ್ ಸಾಕು. ನಿಧಾನವಾಗಿ ಎತ್ತಿ ಗಳಿಸಿದ ಬಲ ಅಷ್ಟರೊಳಗೆ ಹೊರಬರಬೇಕಲ್ಲ. ನಾನು ಮೆಡಿಸಿನ್ ಬಾಲನ್ನು (ವ್ಯಾಯಾಮದ ಭಾರದ ಚೆಂಡು) ಪಕ್ಕದಿಂದ ಗೋಡೆಗೆ ಎಸೆಯುತ್ತೇನೆ, ಎರಡೂ ಬದಿಗೆ. ಇನ್ನೊಂದು ಮಾತು: ಮೊದಲ ಹೊಡೆತಕ್ಕೆ ಮುಂಚೆ ಒಂದೇ ಭಂಗಿಯಲ್ಲಿ ನಿಮಿಷಗಟ್ಟಲೆ ಹಿಗ್ಗಿಸಿ ನಿಲ್ಲಬೇಡಿ, ಸ್ನಾಯುವಿನ ಚುರುಕು ಸ್ವಲ್ಪ ಹೊತ್ತು ತಗ್ಗುತ್ತದೆ. ಕಾಲು ಬೀಸಿ, ಮೈ ತಿರುಗಿಸಿ, ಕ್ಲಬ್ಬನ್ನು ಮೆಲ್ಲಗೆ ಬೀಸುತ್ತಾ ವೇಗ ಏರಿಸಿ. ದೀರ್ಘ ಸ್ಟ್ರೆಚಿಂಗ್ ಆಟವಾದ ಮೇಲೆ.

ಬೆಳಗಿನಾಟ: ಕುರ್ಚಿಯ ಪರೀಕ್ಷೆ ಮಾಡಿದೆ. ನಾನು ಬಲಗೈ ಆಟಗಾರ. ಬಲಗಾಲು ಸಲೀಸಾಗಿ ಹೋಯಿತು, ಎಡಗಾಲು ಅರ್ಧಕ್ಕೇ ನಿಂತಿತು.

ವ್ಯಾಯಾಮ ಶಿಕ್ಷಕಿ: ಚೆಂಡು ಹೊಡೆದ ಮೇಲೆ ನಿಮ್ಮ ಮೈಯೆಲ್ಲ ತಿರುಗುವುದು ಆ ಎಡ ಕೀಲಿನ ಮೇಲೆಯೇ. ಅಲ್ಲಿಂದ ಶುರುಮಾಡಿ. ನೋವು ಕಾಲಿಗೆ ಇಳಿಯುತ್ತಿದ್ದರೆ ಮಾತ್ರ ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ಉಳಿದದ್ದು.

ಹಳೆಯ ಕ್ಲಬ್: ನಾನೂ ಈಗಷ್ಟೇ ಕುಳಿತು ನೋಡಿದೆ. ನನ್ನ ಎರಡೂ ಕಾಲು ಹೋಗುತ್ತಿಲ್ಲ. ಆ ಬಾಗುವ ರೀತಿಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೀರಾ?